ಸ್ಲಿಪ್ಪು ಕೀಳಬೇಡಿ: ಬಳ್ಳಾರಿಯಲ್ಲಿ ಪತ್ತೇದಾರಿ ಸಿನಿಮಾ ಪೋಸ್ಟರ್ ಕೂಡಿಟ್ಟ ಅನುಭವ

ಹಳೇ ಸಿನಿಮಾ ಪೋಸ್ಟರ್‌ಗೆ ದೊಡ್ಡ ಶತ್ರು ಹಸು. ತಮಾಷೆಗೆ ಹೇಳುತ್ತಿಲ್ಲ. ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದದ್ದು ಮೈದಾ ಗಂಜಿಯಲ್ಲಿ. "ರಾತ್ರಿಯೆಲ್ಲ ಹಚ್ಚಿ ಬರ್ತಿದ್ವಪ್ಪಾ. ಬೆಳಿಗ್ಗೆ ನೋಡಿದ್ರೆ ಹೀರೋನ ಅರ್ಧ ಮುಖ ಹಸದ ಹೊಟ್ಟ್ಯಾಗೆ ಇರ್ತಿತ್ತು" ಅಂತ ಬ್ರೂಸ್‌ಪೇಟೆಯ ತಾತ ಒಬ್ಬರು ಹೇಳಿದರು. ಅವರು ಸೈಕಲ್ ಮೇಲೆ ಬಕೆಟ್, ಕುಂಚ, ಪೋಸ್ಟರ್ ಕಟ್ಟು ಇಟ್ಟುಕೊಂಡು ಊರೆಲ್ಲ ಸುತ್ತಿದವರು. ಹಸು ಬಾಯಿ ಹಾಕದಿರಲಿ ಅಂತ ಗಂಜಿಗೆ ಚೂರು ಮೈಲುತುತ್ತ ಕಲಸುತ್ತಿದ್ದರಂತೆ. ಹಸು ಬಿಟ್ಟದ್ದು ಮಳೆಗೆ, ಮಳೆ ಬಿಟ್ಟದ್ದು ಮುಂದಿನ ಶುಕ್ರವಾರದ ಸಿನಿಮಾಕ್ಕೆ. ಗೋಡೆಗೆ ಹೋದ ಪೋಸ್ಟರ್ ವಾಪಸ್ ಬಂದದ್ದಿಲ್ಲ.

ಹಾಗಾದರೆ ಈಗ ಸಿಗೋದು ಯಾವುದು? ಗೋಡೆಗೆ ಹೋಗದೆ ಉಳಿದದ್ದು. ಅಂಥ ಕೆಲವದರ ಮೇಲೆ ನಮ್ಮೂರ ಟಾಕೀಸಿನವರು ಹಚ್ಚಿದ ಚೀಟಿ, ಅಂದರೆ ಸ್ಲಿಪ್ಪು, ಇನ್ನೂ ಇರುತ್ತದೆ. ಅದನ್ನು ಕೀಳಬೇಡಿ ಅನ್ನೋದಕ್ಕೇ ಈ ಬರಹ. ಇದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ಹುಡುಕಾಟವೇ ಬದಲಾಯಿತು. ತುಂಬಾ ಓಡಿದ ಸಿನಿಮಾದ ಪೋಸ್ಟರ್ ಜಾಸ್ತಿ ಸಿಗಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಗೋದು ಉಲ್ಟಾ. ಚೆನ್ನಾಗಿ ಓಡಿದರೆ ವಾರ ವಾರ ಹೊಸದಾಗಿ ಹಚ್ಚುತ್ತಿದ್ದರು, ಕಟ್ಟು ಖಾಲಿ. ನಾಲ್ಕೇ ದಿನಕ್ಕೆ ಎತ್ತಿಬಿಟ್ಟ ಸಿನಿಮಾದ ಕಟ್ಟು ಮಾತ್ರ ಸುತ್ತಳಿ ಬಿಚ್ಚದೆ ಮೂಲೆ ಸೇರುತ್ತಿತ್ತು. ಅದಕ್ಕೇ ನನ್ನ ಹತ್ತಿರ ಯಾರೂ ಕೇಳದ ಸಿನಿಮಾಗಳ ಪೋಸ್ಟರ್ ರಾಶಿ ಇದೆ. ಬೇಕಾದವು ಬೆರಳೆಣಿಕೆಯಷ್ಟು.

ನನಗೆ ಬೇಕಾದದ್ದು ಬೇಹುಗಾರರ ಸಿನಿಮಾ. ಕನ್ನಡದಲ್ಲಿ ಆ ಸಾಲು ಚಿಕ್ಕದು, ಆದರೆ ಗಟ್ಟಿ. ದೊರೈ-ಭಗವಾನ್ ಜೋಡಿ 1968ರಲ್ಲಿ 'ಜೇಡರ ಬಲೆ' ಮಾಡಿದರು. ರಾಜ್‌ಕುಮಾರ್ ಅದರಲ್ಲಿ ಸಿ.ಐ.ಡಿ. 999. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮಾರನೇ ವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಆಮೇಲೆ ದೊಡ್ಡ ಬಿಡುವು ಕೊಟ್ಟು 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಮುಂದೆ ಹಿಂದಿ ಸಿನಿಮಾದಲ್ಲಿ ಆಳಿದ ರೇಖಾ ನಾಯಕಿಯಾಗಿ ಮೊದಲು ಕಾಣಿಸಿದ್ದು ಈ ಜಾಕ್‌ಪಾಟ್‌ನಲ್ಲೇ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. 'ಜೇಡರ ಬಲೆ' ಕಪ್ಪು ಬಿಳುಪು ಚಿತ್ರ. ಆ ಕಾಲದಲ್ಲಿ ಒಳಗೆ ಕಪ್ಪು ಬಿಳುಪು ಇದ್ದರೂ ಹೊರಗಿನ ಪೋಸ್ಟರ್‌ಗೆ ಕೆಂಪು, ಹಳದಿ, ನೀಲಿ ಬಳಿದು ಕೂರಿಸುತ್ತಿದ್ದರು. ನನಗೆ ಇಷ್ಟವಾಗೋದು ಈ ಮೋಸವೇ.

ಬಳ್ಳಾರಿಯಲ್ಲಿ ಇದಕ್ಕೆ ಇನ್ನೊಂದು ಮಜಾ ಸೇರುತ್ತದೆ. ನಮ್ಮೂರು 1953ರ ಅಕ್ಟೋಬರ್ 1ರವರೆಗೂ ಮದ್ರಾಸ್ ರಾಜ್ಯದಲ್ಲಿತ್ತು. ಆಮೇಲೆ ಮೈಸೂರಿಗೆ ಸೇರಿತು. ಕಾಗದದಲ್ಲಿ ಸೇರಿತು ಅನ್ನಬೇಕು, ಟಾಕೀಸಿನಲ್ಲಿ ಅಲ್ಲ. ಇಲ್ಲಿ ಇವತ್ತಿಗೂ ಒಂದು ಗೋಡೆಯಲ್ಲಿ ಕನ್ನಡ, ಪಕ್ಕದಲ್ಲಿ ತೆಲುಗು. ರಾಜ್‌ಕುಮಾರ್ 999 ಆಗುವ ಮೊದಲೇ, 1966ರಲ್ಲಿ, ತೆಲುಗಿನ ಕೃಷ್ಣ 'ಗೂಢಚಾರಿ 116' ಆಗಿದ್ದರು. ಜೊತೆಗೆ ಜಯಲಲಿತಾ. ಅದನ್ನೇ ಹಿಂದಿಯವರು 1967ರಲ್ಲಿ ಜಿತೇಂದ್ರನನ್ನು ಹಾಕಿಕೊಂಡು 'ಫರ್ಜ್' ಅಂತ ಮಾಡಿದರು. ಬಳ್ಳಾರಿಯವನಿಗೆ ಇವರೆಲ್ಲ ಒಂದೇ ಕಚೇರಿಯ ನೌಕರರು. ಹಾಗಾಗಿ ನನ್ನ ಸಂಗ್ರಹಕ್ಕೆ ಭಾಷೆಯ ಬೇಲಿ ಹಾಕಲಿಲ್ಲ.

ದೊಡ್ಡ ಕಟ್ಟು ಸಿಕ್ಕಿದ್ದು ಮುಚ್ಚಿಹೋದ ಒಂದು ಟಾಕೀಸಿನಲ್ಲಿ. ಹೆಸರು ಬೇಡ, ಮಾಲೀಕರ ಮನೆಯವರಿಗೆ ಇಷ್ಟವಿಲ್ಲ. ಕಟ್ಟಡ ಕೆಡವಿ ಮದುವೆ ಮಂಟಪ ಮಾಡುವ ಮಾತು ನಡೆದಿತ್ತು. ಗುಜರಿಯವನು ಆಗಲೇ ಕುರ್ಚಿ, ಫ್ಯಾನು, ಕಬ್ಬಿಣದ ಗ್ರಿಲ್ಲು ತೂಕಕ್ಕೆ ಹಾಕಿದ್ದ. ಪರದೆಯ ಹಿಂದಿನ ಕೋಣೆಯಲ್ಲಿ ಕಾಗದದ ರಾಶಿ ಇದೆ ಅಂತ ಸುಳಿವು ಕೊಟ್ಟದ್ದು ಮೇಲೆ ಹೇಳಿದ ತಾತ. ನಾನು ಮಾಲೀಕರ ಮಗನ ಹತ್ತಿರ ಹೋಗಿ ಕೇಳಿದೆ. "ಅದರಲ್ಲಿ ಏನಿದೆ ಅಣ್ಣಾ, ಬರೇ ಧೂಳು" ಅಂದರು. ಧೂಳಿಗೂ ದುಡ್ಡು ಕೊಡ್ತೀನಿ ಅಂದೆ. ನಕ್ಕು ಬೀಗ ತೆಗೆಸಿದರು.

ಇಂಥ ಜಾಗಕ್ಕೆ ಹೋಗುವವರಿಗೆ ಒಂದೆರಡು ಮಾತು. ಮಾಸ್ಕ್ ಹಾಕಿಕೊಳ್ಳಿ, ಪಾರಿವಾಳದ ಹಿಕ್ಕೆ ಎದೆಗೆ ಒಳ್ಳೆಯದಲ್ಲ. ಚೇಳು ಇರುತ್ತದೆ, ಕೈ ಹಾಕುವ ಮೊದಲು ಕೋಲು ಹಾಕಿ. ಕಟ್ಟನ್ನು ಅಲ್ಲೇ ಬಿಚ್ಚಬೇಡಿ. ಏನಿದೆ ಅಂತ ನೋಡುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಪ್ಲೈವುಡ್ ಹಲಗೆ ಒಯ್ದು, ಕಟ್ಟನ್ನು ಅದರ ಮೇಲೆ ಜಾರಿಸಿ, ಹಾಗೇ ಹೊತ್ತು ತನ್ನಿ. ಮತ್ತೆ ಕೊಂಡದ್ದಕ್ಕೆ ಒಂದು ಚೀಟಿಯಲ್ಲಿ ಸಹಿ ಹಾಕಿಸಿಕೊಳ್ಳಿ. ನಾಳೆ ಯಾರಾದರೂ ಇದಕ್ಕೆ ಬೆಲೆ ಇದೆ ಅಂದ ಕೂಡಲೇ ಅಣ್ಣತಮ್ಮಂದಿರ ನಡುವೆ ಜಗಳ ಶುರುವಾಗಬಹುದು.

ಮನೆಗೆ ತಂದದ್ದು ಬೇಸಿಗೆಯಲ್ಲಿ. ಬಳ್ಳಾರಿ ಬೇಸಿಗೆ ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಆ ಬಿಸಿಲಿಗೆ ಹಳೇ ಕಾಗದ ಹಪ್ಪಳದ ಹಾಗೆ ಆಗಿರುತ್ತದೆ. ಪೋಸ್ಟರ್‌ಗೆ ಬಳಸುತ್ತಿದ್ದದ್ದು ಅಗ್ಗದ, ತೆಳು ಕಾಗದ. ಮರದ ತಿರುಳಿನಲ್ಲಿರುವ ಲಿಗ್ನಿನ್ ತೆಗೆಯದೆ ಮಾಡಿದ್ದು. ಅದು ಗಾಳಿ ಬೆಳಕಿಗೆ ಹಳದಿ ತಿರುಗಿ, ಒಳಗೊಳಗೇ ಆಮ್ಲ ಹುಟ್ಟಿ, ಮಡಿಕೆಯಲ್ಲಿ ಮೊದಲು ಮುರಿಯುತ್ತದೆ. ಒಣ ಹವೆಯಲ್ಲಿ ಬಿಚ್ಚಿದರೆ ಒಂದು ಪೋಸ್ಟರ್ ಎಂಟು ತುಂಡು. ಅದಕ್ಕೇ ಆಷಾಢದ ತಂಪು ಗಾಳಿ ಬರೋವರೆಗೂ ಮುಟ್ಟಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬೇಜಾರು. ಮಂಚದ ಕೆಳಗೆ ಏನೋ ಇದೆ, ಗುಡಿಸುವ ಹಾಗಿಲ್ಲ.

ಬಿಚ್ಚುವ ಕ್ರಮ ಹೀಗೆ. ಅಗಲವಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಒದ್ದೆ ಟವೆಲ್ ಹಾಸಿದೆ. ಅದರ ಮೇಲೆ ಜಾಲರಿ. ಜಾಲರಿಯ ಮೇಲೆ ಮಡಚಿದ ಪೋಸ್ಟರ್. ನೀರು ಕಾಗದಕ್ಕೆ ತಾಗಬಾರದು, ಆವಿ ಮಾತ್ರ ತಾಗಬೇಕು. ಮುಚ್ಚಳ ಹಾಕಿ ಬಿಟ್ಟು, ಆಗಾಗ ತೆಗೆದು ಬೆರಳಲ್ಲಿ ಮುಟ್ಟಿ ನೋಡಬೇಕು. ಕಾಗದ ಮೆತ್ತಗಾಗಿ ತಾನಾಗಿ ಬಾಗತೊಡಗಿದರೆ ಒಂದು ಮಡಿಕೆ ಬಿಚ್ಚುವುದು, ಮತ್ತೆ ಒಳಗಿಡುವುದು. ಇಡೀ ರಾತ್ರಿ ಬಿಟ್ಟರೆ ಬೂಷ್ಟು ಬರುತ್ತದೆ, ಎಚ್ಚರ. ಪೂರ್ತಿ ಬಿಚ್ಚಿದ ಮೇಲೆ ಬ್ಲಾಟಿಂಗ್ ಪೇಪರ್ ಮಧ್ಯೆ ಇಟ್ಟು, ಮೇಲೊಂದು ಗಾಜು, ಗಾಜಿನ ಮೇಲೆ ಭಾರ. ಬ್ಲಾಟಿಂಗ್ ಪೇಪರ್ ಬದಲಿಸುತ್ತಾ ಇರಬೇಕು. ಇಸ್ತ್ರಿ ಹಾಕಿದರೆ ಬೇಗ ಆಗಲ್ವಾ ಅಂತ ಕೇಳಿದವರಿದ್ದಾರೆ. ಆಗುತ್ತದೆ, ಪೋಸ್ಟರ್ ಜೀವವೂ ಬೇಗ ಹೋಗುತ್ತದೆ.

ಧೂಳಿಗೆ ಮೆತ್ತನೆ ಕುಂಚ ಸಾಕು, ಮಧ್ಯದಿಂದ ಅಂಚಿಗೆ. ಸೆಲ್ಲೋಟೇಪ್ ಹತ್ತಿರವೂ ತರಬೇಡಿ. ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಕಾಗದದ ಒಳಗೆ ಇಳಿಯುತ್ತದೆ. ಹರಿದಲ್ಲಿ ಹಿಂದಿನಿಂದ ತೆಳು ಜಪಾನಿ ಕಾಗದ, ಗೋಧಿ ಪಿಷ್ಟದ ತಿಳಿ ಗಂಜಿ. ಈ ಗಂಜಿ ಬೇಕೆಂದಾಗ ನೀರಿಗೆ ಬಿಡುತ್ತದೆ, ಅದೇ ಅದರ ಗುಣ. ಲ್ಯಾಮಿನೇಷನ್ ಬಗ್ಗೆ ಮಾತೇ ಬೇಡ. ಒಮ್ಮೆ ಮಾಡಿಸಿದರೆ ಪೋಸ್ಟರ್ ಕೆಡದೆ ಬಿಡಿಸೋದು ಬಹಳ ಕಷ್ಟ.

ಇನ್ನು ಅಸಲಿ ಯಾವುದು, ನಕಲಿ ಯಾವುದು, ಯಾವ ವರ್ಷದ್ದು ಅನ್ನುವ ಪತ್ತೆ. ನನಗೆ ಅತಿ ಖುಷಿ ಕೊಟ್ಟ ಕೆಲಸ ಇದು.

ಮೊದಲು ಅಳತೆ. ನಮ್ಮಲ್ಲಿ ಸಾಮಾನ್ಯವಾಗಿ ಓಡುತ್ತಿದ್ದದ್ದು 30x40 ಇಂಚು, ಚಿಕ್ಕದು 20x30. ದೊಡ್ಡ ಗೋಡೆಗೆ ಆರು ಹಾಳೆ ಜೋಡಿಸುವ ಸಿಕ್ಸ್ ಶೀಟ್. ಅಮೆರಿಕದ ಒನ್ ಶೀಟ್, ಅಂದರೆ ಅಲ್ಲಿನ ಮಾಮೂಲಿ ಒಂದು ಹಾಳೆಯ ಪೋಸ್ಟರ್, ಆಗ 27x41 ಇತ್ತು. ಈಗ ಮಾರುಕಟ್ಟೆಯಲ್ಲಿ ಸಿಗುವ, ಶಾನ್ ಕಾನರಿ ನಟಿಸಿದ ಜೇಮ್ಸ್ ಬಾಂಡ್ ಸಿನಿಮಾಗಳ ಪೋಸ್ಟರ್‌ಗಳು ಜಾಸ್ತಿ 24x36. ಆ ಅಳತೆ ಕಂಡರೆ ಅದು ಕೋಣೆಗೆ ಅಂಟಿಸಿಕೊಳ್ಳಲು ಇತ್ತೀಚೆಗೆ ಮುದ್ರಿಸಿದ್ದು ಅಂತ ಬಹುಪಾಲು ಹೇಳಬಹುದು. 'ಥಂಡರ್‌ಬಾಲ್' ಕಾಲದ ಬಾಂಡ್ ಪೋಸ್ಟರ್‌ಗಳ ಚಿತ್ರ ಬರೆದ ರಾಬರ್ಟ್ ಮೆಕ್‌ಗಿನ್ನಿಸ್, ಫ್ರಾಂಕ್ ಮೆಕಾರ್ಥಿ ಹೆಸರು ಇವತ್ತು ಪುಸ್ತಕಗಳಲ್ಲಿದೆ. ನಮ್ಮ ಪೋಸ್ಟರ್ ಬರೆದವರ ಹೆಸರು ಮೂಲೆಯಲ್ಲಿ ಹುಡುಕಿದರೂ ಎಷ್ಟೋ ಸಲ ಸಿಗುವುದಿಲ್ಲ. ಇರಲಿ.

ಎರಡನೆಯದು ಭೂತಗನ್ನಡಿ. ಕೈಯಲ್ಲಿ ಬರೆದು ಲಿಥೋದಲ್ಲಿ (ಕಲ್ಲಚ್ಚಿನಲ್ಲಿ) ತೆಗೆದದ್ದಾದರೆ ಬಣ್ಣ ಮರಳು ಮರಳಾಗಿ, ಬಳಪದಲ್ಲಿ ಉಜ್ಜಿದ ಹಾಗೆ ಕಾಣುತ್ತದೆ. ಆಫ್‌ಸೆಟ್ ಆದರೆ ಸಾಲಾಗಿ ಚುಕ್ಕಿ. ಇಂಕ್‌ಜೆಟ್ ಪ್ರಿಂಟ್ ಆದರೆ ಎರಚಿದ ಹಾಗೆ ಚೆಲ್ಲಾಪಿಲ್ಲಿ. ಹಳೇ ಪೋಸ್ಟರ್ ಸ್ಕ್ಯಾನ್ ಮಾಡಿ ಹೊಸದಾಗಿ ತೆಗೆದವುಗಳಲ್ಲಿ ಒಂದು ತಮಾಷೆ ಇರುತ್ತದೆ. ಮಡಿಕೆಯ ಗೆರೆ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುವುದಿಲ್ಲ.

ಮೂರನೆಯದು ಅಕ್ಷರ. ಇಲ್ಲಿ ಕನ್ನಡಿಗರಿಗೆ ಮಾತ್ರ ಸಿಗುವ ಕೀಲಿಗಳಿವೆ. ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಅಂದರೆ 'ಜೇಡರ ಬಲೆ' ಪೋಸ್ಟರ್ ಮೇಲೆ 'ಡಾ. ರಾಜ್‌ಕುಮಾರ್' ಅಂತಿದ್ದರೆ ಅದು 1968ರದ್ದು ಆಗಲಾರದು, ಮರುಬಿಡುಗಡೆಯದ್ದು. 'ಪದ್ಮಭೂಷಣ' ಸೇರಿದ್ದರೆ 1983ರ ಈಚೆ. 'ಡೈಮಂಡ್ ರಾಕೆಟ್'ಗೆ ಈ ಪರೀಕ್ಷೆ ನಡೆಯದು, ಅದು ಬಂದದ್ದೇ 'ಡಾ.' ಆದ ಮೇಲೆ. ಕೆಳಗಿನ ವಿಳಾಸವನ್ನೂ ಬಿಡಬೇಡಿ. 'ಗಾಂಧಿನಗರ, ಬೆಂಗಳೂರು-9' ಅಂತಿದ್ದರೆ ಹಳೇದಿರಬಹುದು. 560009 ಅಂತ ಆರಂಕಿ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಪಿನ್‌ಕೋಡ್ ಬಂದದ್ದೇ ಅವತ್ತು. ಆದರೆ ಇದು ಒಂದೇ ಕಡೆಗೆ ನಡೆಯುವ ಸಾಕ್ಷಿ. ಪಿನ್ ಬಂದ ಮೇಲೂ ಜನ ಅಭ್ಯಾಸಬಲದಿಂದ 'ಬೆಂಗಳೂರು-9' ಅಂತಲೇ ಬರೆದರು. 'ಮೈಸೂರು ರಾಜ್ಯ' ಅಂತಿದ್ದರೂ ಹಾಗೇ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ಹಳೇ ಅಚ್ಚಿನ ಬ್ಲಾಕು ಅದಾದ ಮೇಲೂ ಓಡಿರಬಹುದು.

ಮರುಬಿಡುಗಡೆ ಪೋಸ್ಟರ್ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ನಾನು ಹಾಗಲ್ಲ. ನಮ್ಮ ಕಡೆ ಒಂದು ಸಿನಿಮಾ ಒಮ್ಮೆ ಬಂದು ಹೋಗುತ್ತಿರಲಿಲ್ಲ. ಊರಿನ ಟಾಕೀಸಲ್ಲಿ ಓಡಿ, ಸಿರುಗುಪ್ಪ, ಕಂಪ್ಲಿ, ಗಂಗಾವತಿ ಸುತ್ತಿ, ಜಾತ್ರೆಯ ಟೆಂಟಿಗೆ ಹೋಗಿ, ಹತ್ತು ವರ್ಷ ಬಿಟ್ಟು 'ಹೊಸ ಕಾಪಿ' ಅಂತ ಮತ್ತೆ ಬರುತ್ತಿತ್ತು. ನಮ್ಮ ತಲೆಮಾರು ನೋಡಿದ್ದೇ ಆ ಹೊಸ ಕಾಪಿಯನ್ನು.

ಈಗ ಸ್ಲಿಪ್ಪಿನ ವಿಷಯಕ್ಕೆ ಬರುತ್ತೇನೆ. ಈ ಬರಹ ಶುರು ಮಾಡಿದ್ದೇ ಅದಕ್ಕೆ.

ಪೋಸ್ಟರ್ ಅಚ್ಚಾಗುತ್ತಿದ್ದದ್ದು ಬೇರೆ ಊರಲ್ಲಿ. ಅದರಲ್ಲಿ ನಮ್ಮೂರ ಹೆಸರು ಇರುತ್ತಿರಲಿಲ್ಲ. ಟಾಕೀಸಿನವರು ಇಲ್ಲೇ ಯಾವುದಾದರೂ ಪ್ರೆಸ್ಸಿನಲ್ಲಿ ಉದ್ದನೆ ಚೀಟಿ ಹೊಡೆಸುತ್ತಿದ್ದರು. ಹಳದಿ ಇಲ್ಲವೇ ಗುಲಾಬಿ ಕಾಗದ, ಮೊಳೆ ಅಚ್ಚಿನ ದಪ್ಪ ಅಕ್ಷರ. ಟಾಕೀಸಿನ ಹೆಸರು, 'ಶುಕ್ರವಾರದಿಂದ', 'ದಿನಾ 3 ಆಟಗಳು', ಕೆಲವಕ್ಕೆ 'ಕೊನೆಯ 2 ದಿನ'. ಅದೇ ಸ್ಲಿಪ್ಪು. ಹುಡುಗರು ಟಾಕೀಸಿನಲ್ಲೇ ಕೂತು ಪೋಸ್ಟರ್‌ಗೆ ಸ್ಲಿಪ್ಪು ಹಚ್ಚಿ, ಕಟ್ಟು ಕಟ್ಟಿ, ರಾತ್ರಿ ತಾತನ ಕೈಗೆ ಕೊಡುತ್ತಿದ್ದರು. ನನಗೆ ಸಿಕ್ಕಿದ ಕಟ್ಟಿನಲ್ಲಿ ಅರ್ಧಕ್ಕೆ ಹೀಗೆ ಸ್ಲಿಪ್ಪು ಹಚ್ಚಿತ್ತು. ಕೆಲವು ಸ್ಲಿಪ್ಪು ಸೊಟ್ಟ. ಒಂದಂತೂ ಸರಿಯಾಗಿ ಖಳನಾಯಕನ ಮೂಗಿನ ಮೇಲೆ.

ಸ್ಲಿಪ್ಪು ಹಚ್ಚಿದ ಒಂದು 999 ಪೋಸ್ಟರಿನ ಫೋಟೋ ನೋಡಿ ಬೆಂಗಳೂರಿನ ಒಬ್ಬ ಸಂಗ್ರಾಹಕರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ವಿಷಯ ಬಲ್ಲವರು. "ಪೋಸ್ಟರ್ ಚೆನ್ನಾಗಿದೆ, ಆ ಸ್ಲಿಪ್ಪು ತೆಗೆಸಿಬಿಡಿ. ಹದ ನೀರಲ್ಲಿ ಬಿಡುತ್ತೆ. ಆಮೇಲೆ ಹಿಂದೆ ಬಟ್ಟೆ ಅಂಟಿಸಿ ಬ್ಯಾಕಿಂಗ್ ಮಾಡಿಸಿ, ರೇಟು ಬೇರೆಯೇ ಬರುತ್ತೆ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹೊರಗಿನ ಮಾರುಕಟ್ಟೆಯಲ್ಲಿ ಚೊಕ್ಕ ಪೋಸ್ಟರ್‌ಗೇ ಬೆಲೆ. ಸ್ಲಿಪ್ಪು, ಪೆನ್ನಿನ ಗೀಟು, ರಬ್ಬರ್ ಸ್ಟಾಂಪು ಎಲ್ಲವೂ ಕೊರತೆಯ ಲೆಕ್ಕಕ್ಕೆ ಹೋಗುತ್ತವೆ.

ನಾನು ಸ್ಲಿಪ್ಪನ್ನು ಮತ್ತೊಮ್ಮೆ ಓದಿದೆ. ಮೇಲಿನ ಸಾಲು ಕನ್ನಡದಲ್ಲಿ, ಕೆಳಗಿನ ಸಾಲು ತೆಲುಗಿನಲ್ಲಿ. ಅದರ ಕೆಳಗೆ ಸಣ್ಣದಾಗಿ, ಹೆಂಗಸರಿಗೆ ಬೇರೆ ಟಿಕೆಟ್ ಕಿಟಕಿ ಇದೆ ಅಂತ. ಬೆಂಗಳೂರಲ್ಲಿ ಅಚ್ಚಾದ ಕನ್ನಡ ಸಿನಿಮಾದ ಪೋಸ್ಟರ್ ಮೇಲೆ ತೆಲುಗಿನಲ್ಲಿ ಕರೆ! ತೆಲುಗು ಮಾತ್ರ ಓದಬಲ್ಲ ಮನೆಯವರೂ 999 ನೋಡಲು ಬರುತ್ತಿದ್ದರು ಅನ್ನೋದಕ್ಕೆ ನನ್ನ ಹತ್ತಿರ ಇರುವ ಏಕೈಕ ಕಾಗದ ಅದು. ಸ್ಲಿಪ್ಪು ಕಿತ್ತರೆ ಉಳಿಯೋದು ಎಲ್ಲಾದರೂ ಸಿಗಬಹುದಾದ ಪೋಸ್ಟರ್. ಸ್ಲಿಪ್ಪು ಇದ್ದರೆ ಅದು ಬಳ್ಳಾರಿಯ ಒಂದು ಶುಕ್ರವಾರ. ಕೀಳಲಿಲ್ಲ. ಮಾರಲೂ ಇಲ್ಲ ಅನ್ನಿ.

ಒಂದು ತೊಂದರೆ ಇದೆ. ಸ್ಲಿಪ್ಪಿನ ಹಿಂದಿನ ಮೈದಾ ಗಂಜಿಯೇ ಹುಳಕ್ಕೆ ಊಟ. ಪುಸ್ತಕದಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳ ಮೊದಲು ಬಾಯಿ ಹಾಕೋದು ಅಲ್ಲಿಗೇ. ಹಾಗಾಗಿ ಸ್ಲಿಪ್ಪು ಇರುವವನ್ನು ಬೇರೆ ಇಟ್ಟಿದ್ದೇನೆ, ತಿಂಗಳಿಗೊಮ್ಮೆಯಾದರೂ ತೆಗೆದು ನೋಡುತ್ತೇನೆ. ಬೇವಿನ ಸೊಪ್ಪು ಇಡಿ ಅಂತ ಅಮ್ಮ ಹೇಳುತ್ತಾರೆ. ಸೊಪ್ಪನ್ನು ಕಾಗದಕ್ಕೆ ತಾಗಿಸದೆ, ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದೇನೆ. ಅಮ್ಮನಿಗೂ ಸಮಾಧಾನ.

ಇಡೋದಕ್ಕೆ ನಮ್ಮೂರೇ ಒಂದು ಉಪಾಯ ಕೊಟ್ಟಿತು. ಬಳ್ಳಾರಿ ತುಂಬ ಜೀನ್ಸ್ ಹೊಲಿಯುವ ಘಟಕಗಳು. ಡೆನಿಮ್ ಬಟ್ಟೆ ಸುತ್ತಿ ಬರುವ ಉದ್ದನೆ ರಟ್ಟಿನ ಕೊಳವೆಗಳನ್ನು ಅಲ್ಲಿ ಬಿಸಾಕುತ್ತಾರೆ. ದಪ್ಪ ಇರುವುದನ್ನು ಆರಿಸಿ, ಮೇಲೆ ಒಗೆದ ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಸಿಕ್ಸ್ ಶೀಟ್ ಹಾಳೆಗಳನ್ನು ಚಿತ್ರ ಹೊರಗೆ ಬರುವಂತೆ ಸುತ್ತುತ್ತೇನೆ. ರಟ್ಟಿನಲ್ಲೂ ಆಮ್ಲ ಇರುತ್ತದೆ, ಬಟ್ಟೆ ಬಿಡಬಾರದು. ಚಿಕ್ಕವೆಲ್ಲ ಚಪ್ಪಟೆಯಾಗಿ, ಪಾಲಿಯೆಸ್ಟರ್ ಹಾಳೆಯ ನಡುವೆ. ಪಿ.ವಿ.ಸಿ. ಪ್ಲಾಸ್ಟಿಕ್ ಕವರ್ ಬೇಡ, ಅದೇ ಕಾಗದವನ್ನು ಕೆಡಿಸುತ್ತದೆ.

ಬ್ಯಾನರ್ ಕತೆ ಬೇರೆ. ಕೌಲ್ ಬಜಾರಿನಲ್ಲಿ ಒಬ್ಬ ಚಾಚಾ ಇದ್ದಾರೆ. ಫ್ಲೆಕ್ಸ್ ಬರುವ ತನಕ ಟಾಕೀಸುಗಳಿಗೆ ಬಟ್ಟೆ ಬ್ಯಾನರ್ ಬರೆದವರು. ಆಮೇಲೆ ಅದಿರು ಲಾರಿಗಳ ಕಾಲದಲ್ಲಿ ನಂಬರ್ ಪ್ಲೇಟ್, 'ಹಾರ್ನ್ ಓಕೆ ಪ್ಲೀಸ್' ಬರೆದು ಮನೆ ನಡೆಸಿದರು. ನನ್ನ ಕಟ್ಟಿನ ಜೊತೆ ಒಂದು ಬ್ಯಾನರಿನ ತುಂಡೂ ಸಿಕ್ಕಿತ್ತು. ಕೋಟು ಹಾಕಿದ ಗಂಡಸು, ಕೈಯಲ್ಲಿ ಪಿಸ್ತೂಲು, ಸಿನಿಮಾ ಹೆಸರಿನ ಕಡೆ ಹರಿದು ಹೋಗಿದೆ. ಅವರಿಗೆ ತೋರಿಸಿದೆ. ನೋಡಿದ ಕೂಡಲೇ, "ಈ ಕೈ ನಂದೇ" ಅಂದರು. ಹೇಗೆ ಗೊತ್ತು ಚಾಚಾ ಅಂದೆ. "ಸ್ಟಿಲ್ ಫೋಟೋದಾಗೆ ಪಿಸ್ತೂಲು ಇರ್ತಿದ್ದಿಲ್ಲ. ಪತ್ತೇದಾರಿ ಪಿಕ್ಚರ್ ಅಂದ್ರೆ ಪಿಸ್ತೂಲು ಬೇಕು ಅಂತ ಮ್ಯಾನೇಜರ್ ಹಟ. ನಾನೇ ಕೈ ತಿರುವಿ ಹಿಡಿಸ್ದೆ. ನೋಡಿ, ಬೆರಳು ಐದಲ್ಲ, ಆರಾಗಿವೆ." ಎಣಿಸಿದೆ. ಹೌದು, ಆರು.

ಬರೆಯುವ ಬಗೆಯನ್ನೂ ಹೇಳಿದರು. ಫೋಟೋ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆಯೋದು. ಬಟ್ಟೆಯ ಮೇಲೆ ಅಷ್ಟೇ ಚೌಕ, ದೊಡ್ಡದಾಗಿ. ಒಂದೊಂದು ಚೌಕದಲ್ಲಿರುವುದನ್ನು ಆಯಾ ಚೌಕಕ್ಕೆ ಇಳಿಸೋದು. ಹತ್ತಿರದಿಂದ ನೋಡಿದರೆ ಬರೇ ಬಣ್ಣದ ಗುಡ್ಡೆ, ರಸ್ತೆ ದಾಟಿ ನಿಂತರೆ ಮುಖ. ಸಿನಿಮಾ ಬದಲಾದರೆ ಬಟ್ಟೆ ಬಿಸಾಡುತ್ತಿರಲಿಲ್ಲ. ಮೇಲೆ ಬಿಳಿ ಬಳಿದು ಮುಂದಿನದನ್ನು ಅದರ ಮೇಲೇ ಬರೆಯುತ್ತಿದ್ದರು. ನನ್ನ ತುಂಡಿನಲ್ಲೂ ಬಣ್ಣ ಎದ್ದುಹೋದ ಕಡೆ ಕೆಳಗಿನ ಪದರದ ಒಂದು ಕಣ್ಣು ಕಾಣುತ್ತದೆ. ಹೆಂಗಸಿನ ಕಣ್ಣು, ಕಾಡಿಗೆ ಉದ್ದಕ್ಕೆ ಎಳೆದಿದೆ. ಯಾರದೋ ಚಾಚಾಗೂ ನೆನಪಿಲ್ಲ.

"ತರ್ರಿ ಇಲ್ಲಿ, ಬಿದ್ದು ಹೋಗಿದ್ದನ್ನ ತುಂಬಿ ಕೊಡ್ತೀನಿ. ಆ ಆರನೇ ಬೆರಳೂ ತೆಗೀತೀನಿ" ಅಂದರು. ಬೇಡ ಚಾಚಾ, ಹಾಗೇ ಇರಲಿ ಅಂದೆ. ಅವರಿಗೆ ಬೇಜಾರಾಯಿತು. "ನಾನು ಬರ್ದದ್ದಕ್ಕೆ ನಾನು ಕುಂಚ ಇಡಂಗಿಲ್ಲೇನು?" ಅಂದರು. ಸ್ಲಿಪ್ಪು ಕೀಳಬೇಡಿ ಅಂತ ಊರಿಗೆಲ್ಲ ಹೇಳುವ ನನಗೆ ಇದಕ್ಕೆ ತಕ್ಷಣ ಉತ್ತರ ಹೊಳೆಯಲಿಲ್ಲ. ಯಾರೋ ಡೀಲರ್ ಕೇಳಿದ್ದರೆ ಬೇಡ ಅನ್ನೋದು ಸುಲಭ. ಇಲ್ಲಿ ಕೇಳುತ್ತಿರುವುದು ಅದನ್ನು ಮಾಡಿದ ಕೈ.

ಕೊನೆಗೆ ಚಹಾ ಕುಡಿಯುತ್ತಾ ಒಂದು ಒಪ್ಪಂದಕ್ಕೆ ಬಂದೆವು. ಹಳೇ ತುಂಡು ಹಾಗೇ ಇರುತ್ತದೆ. ಅದೇ ಅಳತೆಯ ಹೊಸ ಒರಟು ಬಟ್ಟೆ ನಾನು ತಂದು ಕೊಡಬೇಕು. ಚಾಚಾ ಅದರ ಮೇಲೆ 999 ಬರೆಯುತ್ತಾರೆ, ಚೌಕ ಹಾಕಿ, ಮೊದಲಿನ ರೀತಿಯಲ್ಲೇ. ಮುಂಗಡ ಕೊಟ್ಟು ಬಂದಿದ್ದೇನೆ. ಸ್ಟಿಲ್ ಫೋಟೋ ಒಂದು ಹುಡುಕಬೇಕು. ಪಿಸ್ತೂಲು ಎಷ್ಟು ದೊಡ್ಡದಿರಬೇಕು ಅನ್ನುವ ಬಗ್ಗೆ ಮಾತ್ರ ಇನ್ನೂ ಚೌಕಾಸಿ ನಡೆದಿದೆ.